ಮಾತ್ರೆಗೆ ಬಗ್ಗದ ಖಿನ್ನತೆ: ಮನೆಯಲ್ಲೇ ವಿದ್ಯುತ್ ಚಿಕಿತ್ಸೆ ಸಾಕೇ?

ಮನೆಯವರೊಬ್ಬರು ತಿಂಗಳುಗಟ್ಟಲೆ ಮಂಕಾಗಿ ಕುಳಿತಿದ್ದಾರೆ. ಮಾತ್ರೆ ನುಂಗಿಯೂ ಗುಣ ಕಂಡಿಲ್ಲ. ಅಷ್ಟರಲ್ಲಿ ನೆಂಟರೊಬ್ಬರು 'ತಲೆಗೆ ಕಟ್ಟಿಕೊಳ್ಳುವ ಕರೆಂಟಿನ ಪಟ್ಟಿ ಬಂದಿದೆಯಂತೆ, ಮನೆಯಲ್ಲೇ ವಾಸಿಯಾಗುತ್ತದಂತೆ' ಎನ್ನುತ್ತಾರೆ. ಹಣ ಕೊಡುವ ಮೊದಲು ಸ್ವಲ್ಪ ತಾಳಿ.

ಈ ಚಿಕಿತ್ಸೆಯಲ್ಲಿ ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ಹಣೆಯ ಮೇಲ್ಭಾಗಕ್ಕೆ ಒತ್ತಿ ಕಟ್ಟಿ, ಸುಮಾರು 2 ಮಿಲಿಆಂಪಿಯರ್‌ನಷ್ಟು ಕ್ಷೀಣ ವಿದ್ಯುತ್ತನ್ನು ಅರ್ಧ ಗಂಟೆ ಹರಿಸುತ್ತಾರೆ. ಮಿದುಳಿನ ಎಡ ಮುಂಭಾಗದ ನರಕೋಶಗಳು ಚುರುಕಾಗಲಿ ಎಂಬುದು ಉದ್ದೇಶ. ಚರ್ಮ ಜುಮ್ಮೆನ್ನಬಹುದು, ಕೆಂಪಾಗಬಹುದು; ಪ್ರಜ್ಞೆ ತಪ್ಪುವುದಿಲ್ಲ.

ಗುಣವಾಗುತ್ತದೆಯೇ? 2024ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಅಮೆರಿಕದ ಪರೀಕ್ಷೆಯೊಂದರಲ್ಲಿ 174 ಮಂದಿ ಹತ್ತು ವಾರ ಮನೆಯಲ್ಲೇ ಪಟ್ಟಿ ಕಟ್ಟಿಕೊಂಡರು. ಅರ್ಧದಷ್ಟು ಜನರಿಗೆ ದೊರೆತದ್ದು ಹುಸಿ ಚಿಕಿತ್ಸೆ. ನಿಜವಾದ ಚಿಕಿತ್ಸೆ ಪಡೆದವರಲ್ಲಿ ಹೆಚ್ಚು ಸುಧಾರಣೆ ಕಂಡಿತು. ಅದೇ ವರ್ಷ ಪ್ರಕಟವಾದ ಬ್ರೆಜಿಲ್‌ನ ಪರೀಕ್ಷೆಯಲ್ಲಾದರೋ ನಿಜಕ್ಕೂ ಹುಸಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಿಮಗೆ ಮುಖ್ಯವಾದ ಸಂಗತಿ ಇನ್ನೊಂದಿದೆ: ಮೊದಲ ಪರೀಕ್ಷೆಗೆ, ಔಷಧಿಗೆ ಬಗ್ಗದ ಖಿನ್ನತೆ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ!

ಬಗ್ಗದ ಖಿನ್ನತೆ ಎಂದರೆ ಯಾವುದು? ಎರಡು ಬೇರೆ ಬೇರೆ ಔಷಧಿಗಳನ್ನು, ಒಂದೊಂದನ್ನೂ ಸರಿಯಾದ ಪ್ರಮಾಣದಲ್ಲಿ ಸುಮಾರು ಆರು ವಾರ ತೆಗೆದುಕೊಂಡರೂ ಫಲ ಸಿಗದಿದ್ದರೆ ಸಾಮಾನ್ಯವಾಗಿ ಹಾಗೆನ್ನುತ್ತಾರೆ. ಹತ್ತು ದಿನ ನುಂಗಿ ಬಿಟ್ಟವರು ಈ ಗುಂಪಿಗೆ ಸೇರರು. ಥೈರಾಯ್ಡ್ ತೊಂದರೆ, ಕುಡಿತದ ಚಟ ಇವೆಯೇ ಎಂದೂ ನೋಡಬೇಕು.

ನಿಜವಾಗಿಯೂ ಬಗ್ಗದಿದ್ದರೆ ಆಸ್ಪತ್ರೆಯೇ ದಾರಿ. ಅಲ್ಲಿ ಆಯಸ್ಕಾಂತದಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ ಇದೆ. ಅಮೆರಿಕದಲ್ಲಿ 2008ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತು. ಇನ್ನೊಂದು, ಜನ 'ಶಾಕ್ ಕೊಡುವುದು' ಎಂದು ಹೆದರುವ ಚಿಕಿತ್ಸೆ. ಸಿನಿಮಾಗಳು ಅದರ ಹೆಸರು ಕೆಡಿಸಿದ್ದು ಸಾಕು. ತೀವ್ರ ಖಿನ್ನತೆಯಲ್ಲಿ ಅದರಷ್ಟು ಪರಿಣಾಮಕಾರಿಯಾದವು ಬಹಳ ಕಡಿಮೆ. ನೆನಪು ಕೆಲಕಾಲ ಮಸುಕಾಗುವುದುಂಟು. ಅರಿವಳಿಕೆ ಕೊಡದೆ ಅದನ್ನು ಮಾಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇವೆರಡೂ ಲಭ್ಯ.

ಒಂಬತ್ತು ವೋಲ್ಟಿನ ಬ್ಯಾಟರಿಗೆ ತಂತಿ ಜೋಡಿಸಿ ತಾವೇ ಪ್ರಯೋಗಕ್ಕಿಳಿಯುವ ಬುದ್ಧಿವಂತರೂ ಇದ್ದಾರೆ. ಚರ್ಮ ಸುಡುತ್ತದೆ. ಮೂರ್ಛೆರೋಗವಿರುವವರು, ತಲೆಯೊಳಗೆ ಲೋಹದ ತುಂಡು ಇರುವವರು ವೈದ್ಯರನ್ನು ಕೇಳದೆ ಯಾವ ಪಟ್ಟಿಯನ್ನೂ ಕಟ್ಟಿಕೊಳ್ಳಬಾರದು. ಹೊಸ ಚಿಕಿತ್ಸೆ ಸಿಕ್ಕಿತೆಂದು ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ರೋಗಿ ಸಾಯುವ ಮಾತಾಡಿದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.