ಮಂಡಿ ಎಷ್ಟು ಡಿಗ್ರಿ ಮಡಚಿದರೆ ಸಾಕು?

ಮಂಡಿ ಸವೆತಕ್ಕೆ ಫಿಸಿಯೋಥೆರಪಿ ಪಡೆಯುವವರ ಕೇಸ್ ಶೀಟಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಿಗ್ರಿಗಳು: ಕಾಲು ಇಷ್ಟು ಮಡಚುತ್ತದೆ, ಇಷ್ಟು ಚಾಚುತ್ತದೆ. ಪಕ್ಕದಲ್ಲೇ ಸ್ನಾಯುಬಲಕ್ಕೆ ಐದರಲ್ಲಿ ಮೂರೋ ನಾಲ್ಕೋ ಅಂಕ. ಈ ಡಿಗ್ರಿ ಅಳೆಯುವ ಗೋನಿಯೋಮೀಟರ್ ಮೇಲೆ ನನಗೆ ತಕರಾರಿಲ್ಲ. ಆದರೆ ಡಿಗ್ರಿ ಕಡಿಮೆಯಾಯಿತೆಂದು ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿಲ್ಲ, ನೆಲದಲ್ಲಿ ಕೂತರೆ ಏಳಲಾಗುತ್ತಿಲ್ಲ ಎಂದು ಬರುತ್ತಾರೆ. ಮಡಚುವಿಕೆ ಹತ್ತು ಡಿಗ್ರಿ ಹೆಚ್ಚಿದ ಮೇಲೂ ಬಸ್ಸು ಹತ್ತುವುದು ಮೊದಲಿನಷ್ಟೇ ಕಷ್ಟವಾಗಿರಬಹುದು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಒಂದು ಅಳತೆಯನ್ನು ಆರಿಸುವ ಮುಂಚೆ, ಈ ಅಂಕಿ ಅಲುಗದೇ ಹೋದರೆ ಚಿಕಿತ್ಸೆಯಲ್ಲಿ ಏನನ್ನು ಬದಲಿಸುತ್ತೇನೆ ಎಂದು ಕೇಳಿಕೊಳ್ಳಬೇಕು. ಉತ್ತರ ಹೊಳೆಯದಿದ್ದರೆ ಆ ಅಳತೆ ಬರೀ ಕಾಗದ ತುಂಬಿಸುವ ಕೆಲಸ.

ಮಂಡಿಗೆಂದೇ ಒಳ್ಳೆಯ ಪ್ರಶ್ನಾವಳಿಗಳಿವೆ. 1980ರ ದಶಕದಲ್ಲಿ ಕೆನಡಾದಲ್ಲಿ ರೂಪುಗೊಂಡ ವೊಮ್ಯಾಕ್‌ನಲ್ಲಿ 24 ಪ್ರಶ್ನೆಗಳು: ನೋವಿಗೆ 5, ಬಿಗಿತಕ್ಕೆ 2, ದಿನದ ಕೆಲಸಗಳಿಗೆ 17. ಲೋಕದಾದ್ಯಂತ ಸಂಶೋಧಕರು ನೆಚ್ಚಿಕೊಂಡಿರುವ ಅಳತೆ ಇದು. ಅದರ ಬಗ್ಗೆ ಹಗುರಾಗಿ ಮಾತಾಡುವಂತಿಲ್ಲ. ಆದರೂ ಆ 17ರಲ್ಲಿ ಕಾಲುಚೀಲ ಹಾಕುವುದು, ತೆಗೆಯುವುದು, ಕಾರು ಹತ್ತಿ ಇಳಿಯುವುದು, ಸ್ನಾನದ ತೊಟ್ಟಿಗೆ ಇಳಿಯುವುದು ಬರುತ್ತವೆ. ಚಕ್ಕಳಮಕ್ಕಳ ಹಾಕಿ ಕೂರುವುದು ಬರುವುದಿಲ್ಲ, ಕುಕ್ಕರಗಾಲಲ್ಲಿ ಕೂರುವುದೂ ಬರುವುದಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮುಂದೆ, ಇಂಡಿಯನ್ ಟಾಯ್ಲೆಟ್ಟಿನಲ್ಲಿ, ಗದ್ದೆಯ ಕಳೆ ಕೀಳುವಾಗ ಮಂಡಿ ಪಡುವ ಪಾಡು ಆ ಹಾಳೆಯಲ್ಲಿ ಎಲ್ಲೂ ಮೂಡುವುದಿಲ್ಲ. 1998ರಲ್ಲಿ ಪ್ರಕಟವಾದ ಕೂಸ್ ಪ್ರಶ್ನಾವಳಿಯಲ್ಲಿ ಕುಕ್ಕರಿಸುವುದೂ ಮಂಡಿಯೂರುವುದೂ ಸೇರಿವೆ, ಆದರೆ ಅವು ಕೂತಿರುವುದು ಕ್ರೀಡೆ-ಮನರಂಜನೆಯ ವಿಭಾಗದಲ್ಲಿ! ಹಾಗಾಗಿ ನನ್ನ ಒಲವು 1995ರಲ್ಲಿ ಸ್ಟ್ರಾಟ್‌ಫರ್ಡ್ ಮತ್ತು ಸಂಗಡಿಗರು ಕೊಟ್ಟ ಪೇಷಂಟ್ ಸ್ಪೆಸಿಫಿಕ್ ಫಂಕ್ಷನಲ್ ಸ್ಕೇಲ್ ಕಡೆಗೆ. ಕಷ್ಟವಾಗುತ್ತಿರುವ ಮೂರರಿಂದ ಐದು ಕೆಲಸಗಳನ್ನು ಪೇಷಂಟೇ ಹೆಸರಿಸುತ್ತಾರೆ. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಸೊನ್ನೆಯೆಂದರೆ ಆಗುವುದೇ ಇಲ್ಲ, ಹತ್ತೆಂದರೆ ಮೊದಲಿನಂತೆ ಆಗುತ್ತದೆ. ಒಬ್ಬರ ಅಂಕವನ್ನು ಇನ್ನೊಬ್ಬರದರ ಜೊತೆ ಹೋಲಿಸಲು ಇದು ಬಾರದು, ನಿಜ. ಕ್ಲಿನಿಕ್ಕಿನಲ್ಲಿ ಆ ಹೋಲಿಕೆ ಯಾರಿಗೂ ಬೇಕಾಗಿಲ್ಲ.

ಅಂಕಿ ಬದಲಾದ ಮಾತ್ರಕ್ಕೆ ಮನುಷ್ಯ ಬದಲಾದ ಎಂದೂ ಅಲ್ಲ. ಈ ಸ್ಕೇಲಿನಲ್ಲಿ ಸರಾಸರಿ ಅಂಕ ಸುಮಾರು 2, ಒಂದೇ ಕೆಲಸದ ಅಂಕವಾದರೆ ಸುಮಾರು 3 ಏರದ ಹೊರತು, ಅದು ಅಳತೆಯದೇ ಏರಿಳಿತವಿರಬಹುದು. ಕುರ್ಚಿಯಿಂದೆದ್ದು 3 ಮೀಟರ್ ನಡೆದು ಮರಳಿ ಕೂರುವ ಟೈಮ್ಡ್ ಅಪ್ ಅಂಡ್ ಗೋ ಪರೀಕ್ಷೆಯಲ್ಲೂ ಹಾಗೆಯೇ: ಮೊದಲ ಸಲ ತಗ್ಗು ಸ್ಟೂಲು, ಎರಡನೇ ಸಲ ಕೈಯಿರುವ ಕುರ್ಚಿ ಕೊಟ್ಟರೆ ಸೆಕೆಂಡುಗಳು ತಾವಾಗಿಯೇ ಇಳಿಯುತ್ತವೆ, ಚಪ್ಪಲಿ, ಊರುಗೋಲು, 'ಬೇಗ ಬೇಗ' ಎಂಬ ಹುರಿದುಂಬಿಕೆ ಎಲ್ಲವೂ ಲೆಕ್ಕ ಕೆಡಿಸುತ್ತವೆ. ಆರು ನಿಮಿಷದ ನಡಿಗೆಗೆ ಅಮೆರಿಕನ್ ಥೊರಾಸಿಕ್ ಸೊಸೈಟಿಯ 2002ರ ಮಾರ್ಗಸೂಚಿ ಹೇಳುವುದು 30 ಮೀಟರಿನ ಹಾದಿ. ಹತ್ತು ಮೀಟರಿನ ಕಾರಿಡಾರಿನಲ್ಲಿ ತಿರುವುಗಳು ಹೆಚ್ಚಿ ದೂರ ತಗ್ಗುತ್ತದೆ; ಅದೇ ಕಾರಿಡಾರಿನ ಹಿಂದಿನ ಅಂಕಿಯ ಜೊತೆ ಹೋಲಿಸಬಹುದು, ಪುಸ್ತಕದ ಕೋಷ್ಟಕದ ಜೊತೆ ಕೂಡದು. ದೇಹದ ಸಮತೋಲನ ಅಳೆಯುವ ಬರ್ಗ್ ಬ್ಯಾಲೆನ್ಸ್ ಸ್ಕೇಲಿನ ತೊಡಕು ಬೇರೆ: ಒಟ್ಟು 56 ಅಂಕ, 54 ಪಡೆದವರು ಸಂತೆಯ ಗದ್ದಲದಲ್ಲಿ ಇನ್ನೂ ತಡವರಿಸುತ್ತಿದ್ದರೂ ಅವರ ಮುಂದಿನ ಸುಧಾರಣೆಯನ್ನು ತೋರಿಸಲು ಅಲ್ಲಿ ಜಾಗವೇ ಉಳಿದಿರುವುದಿಲ್ಲ.

ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಫಿಸಿಯೋಥೆರಪಿಸ್ಟರ ನಡುವೆ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಇಂಥ ಅಳತೆ ಬಳಸುತ್ತಿದ್ದವರು ಶೇಕಡ 48 ಮಾತ್ರ. ಬಳಸದವರು ಹೇಳಿದ ಕಾರಣಗಳಲ್ಲಿ ಸಮಯ ಮುಖ್ಯವಾದದ್ದು, ಪೇಷಂಟ್ ಒಬ್ಬರೇ ತುಂಬಲಾರರು ಎಂಬುದು ಇನ್ನೊಂದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ಐದಾರು ಪ್ರಶ್ನಾವಳಿಗಳ ಕಂತೆಗೆ ಸಲ್ಲುತ್ತದೆ, ಒಂದು ಮಾತಿನ ಅಳತೆಗೂ ಒಂದು ನಡಿಗೆಯ ಅಳತೆಗೂ ಸಲ್ಲದು. ಓದಲು ಬಾರದವರಿಗೆ ನಾವೇ ಓದಿ ಹೇಳಬಹುದು, ಪ್ರತಿ ಸಲವೂ ಅದೇ ಮಾತುಗಳಲ್ಲಿ. ಸಾಧ್ಯವಾದರೆ ಚಿಕಿತ್ಸೆ ಕೊಟ್ಟವರಲ್ಲದೆ ಬೇರೆಯವರು ಕೇಳುವುದು ಮೇಲು. 'ಪರವಾಗಿಲ್ಲ ಡಾಕ್ಟ್ರೇ, ಎಷ್ಟೋ ಮೇಲು' ಎನ್ನುವ ನಮ್ಮ ಜನರ ದಾಕ್ಷಿಣ್ಯ ಅಂಕದೊಳಗೂ ನುಸುಳುತ್ತದೆ.

ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಜನ ನೋವು ತಾರಕಕ್ಕೇರಿದಾಗ ಬರುತ್ತಾರೆ. ಏನೂ ಮಾಡದಿದ್ದರೂ ಅದು ಒಂದಿಷ್ಟು ಇಳಿಯುವ ಸಂಭವವೇ ಹೆಚ್ಚು. ಹಾಗಿದ್ದ ಮೇಲೆ ಅಂಕ ಏರಿತೆಂದರೆ ನಮ್ಮ ಚಿಕಿತ್ಸೆ ಫಲಿಸಿತು ಎಂದು ಹೇಗೆ ಹೇಳುವುದು? ಹೇಳಲಾಗದು. ಒಬ್ಬರ ಕೇಸ್ ಶೀಟಿನಿಂದ ಅದನ್ನು ಸಾಧಿಸಲು ಹೊರಡುವುದೇ ತಪ್ಪು, ಗೋಡೆಯ ಮೇಲೆ ಜಾಹೀರಾತಾಗಿ ಬರೆಸುವುದು ಇನ್ನೂ ತಪ್ಪು. ನನಗೆ ಏರದ ಅಂಕವೇ ಹೆಚ್ಚು ಉಪಯೋಗಿ. ತಾನಾಗಿಯೇ ಇಳಿಯಬಹುದಾಗಿದ್ದ ತೊಂದರೆ ಚಿಕಿತ್ಸೆ ಕೊಟ್ಟ ಮೇಲೂ ಇಳಿದಿಲ್ಲವೆಂದರೆ, ವ್ಯಾಯಾಮದ ಭಾರ ಸಾಲದೇ, ಮನೆಯಲ್ಲಿ ಮಾಡುತ್ತಿಲ್ಲವೇ, ನೋವಿನ ಮೂಲ ಸೊಂಟದಲ್ಲಿದೆಯೇ, ಮೂಳೆ ವೈದ್ಯರ ಬಳಿ ಕಳಿಸಬೇಕೇ ಎಂದು ಹುಡುಕಲೇಬೇಕಾಗುತ್ತದೆ. ಅದಕ್ಕೇ ಮರು ಅಳತೆಯ ತಾರೀಖನ್ನೂ, ಅಂದು ಅಂಕ ಎಷ್ಟಕ್ಕೆ ಏರದಿದ್ದರೆ ದಾರಿ ಬದಲಿಸಬೇಕೆಂಬುದನ್ನೂ ಮೊದಲ ದಿನವೇ, ಪೇಷಂಟಿನ ಎದುರಿಗೇ ಕೇಸ್ ಶೀಟಿನಲ್ಲಿ ಬರೆದಿಡುವುದು ಒಳ್ಳೆಯದು.