ಚಿತ್ರ ಎರಡು, ಧ್ವನಿ ಯಾರದು?



ಟಿ.ವಿ. ರಿಮೋಟಿನಲ್ಲಿ 'ಪಿ.ಐ.ಪಿ.' ಎಂಬ ಗುಂಡಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಚಿತ್ರದೊಳಗೊಂದು ಚಿತ್ರ ಎಂಬುದು ಆ ಮೂರಕ್ಷರಗಳ ಅರ್ಥ. ಗುಂಡಿ ಒತ್ತಿದೊಡನೆ ದೊಡ್ಡ ಚಿತ್ರದ ಮೂಲೆಯಲ್ಲಿ ಪುಟ್ಟ ಚೌಕವೊಂದು ತೆರೆದುಕೊಂಡು ಅದರಲ್ಲಿ ಬೇರೊಂದು ಕಾರ್ಯಕ್ರಮ ಓಡತೊಡಗುತ್ತದೆ. 1990ರ ದಶಕದಲ್ಲಿ ದುಬಾರಿ ಟಿ.ವಿ.ಗಳ ಹೆಗ್ಗಳಿಕೆಯಾಗಿದ್ದ ಈ ಸೌಲಭ್ಯ ಇಂದು ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಿಗೂ ಬಂದಿದೆ. ಕೆಲವು ಹೊಸ ಟಿ.ವಿ.ಗಳಲ್ಲಂತೂ ಪರದೆಯನ್ನೇ ಎರಡು ಪಾಲು ಮಾಡಿಕೊಳ್ಳಬಹುದು. ಇದರಲ್ಲಿ ಧರ್ಮದ ವಿಷಯವೇನು ಬಂತು, ಸ್ವಾಮಿ, ಎಂದು ಕೇಳುತ್ತೀರಾ? ಸ್ವಲ್ಪ ತಾಳಿ.

ಮೊದಲು ಆ ಚೌಕ ಮೂಡುವ ಬಗೆಯನ್ನು ತಿಳಿಯೋಣ. ಟಿ.ವಿ.ಗೆ ಏಕಕಾಲದಲ್ಲಿ ಎರಡು ಕಡೆಯಿಂದ ಚಿತ್ರ ಬರಬೇಕು. ನಮ್ಮ ಮನೆಗಳ ಸೆಟ್ ಟಾಪ್ ಬಾಕ್ಸ್ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಚಾನೆಲ್ಲನ್ನು ಬಿಡಿಸಿಕೊಡುತ್ತದೆ. ಆದ್ದರಿಂದ ಎರಡನೆಯ ಚಿತ್ರಕ್ಕೆ ಇನ್ನೊಂದು ಬಾಕ್ಸೋ ಡಿ.ವಿ.ಡಿ. ಪ್ಲೇಯರೋ ಆಂಟೆನಾವೋ ಬೇರೆ ತಂತಿಯಲ್ಲಿ ಬಂದಿರಬೇಕು. (ಗುಂಡಿ ಒತ್ತಿದರೂ ಏನೂ ಆಗುತ್ತಿಲ್ಲವೆಂದು ಮೆಕ್ಯಾನಿಕ್ಕನ್ನು ಕರೆಸುವ ಮೊದಲು ಇದನ್ನೊಮ್ಮೆ ನೋಡಿಕೊಳ್ಳಿ.) ಚಿಕ್ಕ ಚಿತ್ರವನ್ನು ಟಿ.ವಿ. ತನ್ನ ನೆನಪಿನ ಕೋಶದಲ್ಲಿ ಹಿಡಿದಿಟ್ಟುಕೊಂಡು, ದೊಡ್ಡ ಚಿತ್ರ ಬಿಡಿಸುತ್ತಾ ಆ ಮೂಲೆಗೆ ಬಂದಾಗ ಇದನ್ನು ಅಲ್ಲಿ ಸೇರಿಸುತ್ತದೆ. ಜಾಗ ಸಾಲದಲ್ಲವೇ? ಚೌಕದ ಉದ್ದ ಅಗಲ ಪರದೆಯ ಮೂರರಲ್ಲೊಂದು ಪಾಲು ಎಂದುಕೊಳ್ಳಿ. ಆಗ ಪ್ರತಿ ಮೂರು ಗೆರೆಗೆ ಒಂದು ಗೆರೆ, ಆ ಗೆರೆಯಲ್ಲೂ ಮೂರು ಚುಕ್ಕೆಗೆ ಒಂದು ಚುಕ್ಕೆಯಷ್ಟೇ ಉಳಿಯುವುದು. ಕಳುಹಿಸಿದ ಚಿತ್ರದ ಒಂಬತ್ತು ಪಾಲಿನಲ್ಲಿ ಎಂಟು ಪಾಲಿಗೆ ಅಲ್ಲಿ ಜಾಗವೇ ಇಲ್ಲ. ಕ್ರಿಕೆಟ್ಟಿನ ಸ್ಕೋರು ಅಲ್ಲಿ ಓದಲು ಬಾರದಿರುವುದು ಇದರಿಂದಲೇ.

ಇನ್ನೊಂದು ಮಾತು. ಚಿತ್ರ ಎರಡು ಬಂದರೂ ಸ್ಪೀಕರಿನಲ್ಲಿ ಕೇಳುವ ಧ್ವನಿ ಒಂದರದ್ದೇ. ಎರಡೂ ಧ್ವನಿ ಒಟ್ಟಿಗೆ ಬಂದರೆ ಯಾವುದೂ ತಿಳಿಯದೆಂದು ಟಿ.ವಿ. ಮಾಡಿದವರಿಗೆ ಗೊತ್ತು.

ಕಣ್ಣಿನ ಮಾತೇನು? 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಲ್ರಿಕ್ ನೈಸರ್ ಮತ್ತು ರಾಬರ್ಟ್ ಬೆಕ್ಲೆನ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಎರಡು ವಿಡಿಯೊ ದೃಶ್ಯಗಳನ್ನು ಒಂದರ ಮೇಲೊಂದು ಬೀಳುವಂತೆ ಅವರು ತೋರಿಸಿದ್ದರು. ಒಂದರಲ್ಲಿ ಕೈಗೆ ಕೈ ಬಡಿಯುವ ಆಟ, ಇನ್ನೊಂದರಲ್ಲಿ ಚೆಂಡಾಟ. ಒಂದನ್ನೇ ಹಿಂಬಾಲಿಸುವುದು ನೋಡುವವರಿಗೆ ಸುಲಭವಾಯಿತು. ಆದರೆ ಮತ್ತೊಂದರಲ್ಲಿ ಬೇಕೆಂದೇ ಸೇರಿಸಿದ್ದ ವಿಚಿತ್ರ ಸಂಗತಿಗಳು ಬಹುಮಟ್ಟಿಗೆ ಅವರ ಗಮನಕ್ಕೇ ಬರಲಿಲ್ಲ. ಎರಡನ್ನೂ ಹಿಂಬಾಲಿಸಿ ಎಂದಾಗ ತೀರಾ ಕಷ್ಟವಾಯಿತು. ಎರಡೂ ಕಣ್ಣಿನ ಮುಂದೆ ಒಂದೇ ಜಾಗದಲ್ಲಿದ್ದರೂ ಹೀಗೆ!

ಈ ಪ್ರಶ್ನೆ ಟಿ.ವಿ.ಗಿಂತ ಬಹಳ ಹಳೆಯದು. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ತೆಯೊಲೊಜಿಯ' ಗ್ರಂಥದ ಮೊದಲ ಭಾಗದಲ್ಲಿ (85ನೇ ಪ್ರಶ್ನೆ, 4ನೇ ಪರಿಚ್ಛೇದ) ನಮ್ಮ ಬುದ್ಧಿಗೆ ಏಕಕಾಲದಲ್ಲಿ ಹಲವನ್ನು ಗ್ರಹಿಸಲು ಸಾಧ್ಯವೇ ಎಂದು ವಿಚಾರಿಸಿದ್ದಾರೆ. ಹಲವು ಸಂಗತಿಗಳು ಒಂದಾಗಿ ಕೂಡಿಬಂದರೆ ಒಟ್ಟಿಗೆ ಗ್ರಹಿಸಬಲ್ಲೆವು, ಬೇರೆ ಬೇರೆಯಾಗಿಯೇ ಉಳಿದರೆ ಆಗದು ಎಂಬುದು ಅವರ ಉತ್ತರದ ಸಾರ. ಕಗ್ಗಂಟಾಗಿ ಕಂಡಿತೇ? ನಮ್ಮ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರನ್ನು ನೋಡಿ. ಬಿಸಿನೀರಿನ ತೊಟ್ಟಿಯಲ್ಲಿ ಎಂಟು ಹತ್ತು ಗೂಡುಗಳು ಕುಣಿಯುತ್ತಿರುತ್ತವೆ. ಒಂದು ಗೂಡಿನ ಎಳೆ ಮುಗಿದರೆ, ಕಡಿದರೆ, ಅವರ ಬೆರಳು ತಕ್ಷಣ ಇನ್ನೊಂದರ ಎಳೆಯನ್ನು ಸೇರಿಸುತ್ತದೆ. ಅಷ್ಟು ಗೂಡುಗಳ ಮೇಲೂ ಒಂದೇ ಕಣ್ಣು ಹೇಗೆ ನಿಂತೀತು? ಅಷ್ಟೂ ಎಳೆಗಳು ಮೇಲೇರಿ ಒಂದೇ ನೂಲಾಗುತ್ತಿವೆ, ಕಣ್ಣಿರುವುದು ಆ ನೂಲಿನ ಮೇಲೆ. ಅದೇ ಮನುಷ್ಯನಿಗೆ ಪಕ್ಕದಲ್ಲಿ ಧಾರಾವಾಹಿಯನ್ನೂ ನೋಡು ಎಂದರೆ ನೂಲು ಹೋಯಿತು.

ಚಿತ್ರದೊಳಗಿನ ಚಿತ್ರವೂ ಹಾಗೆಯೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಪ್ರಸಾರದಲ್ಲಿ ಜ್ಯೋತಿ ಹಿಡಿದ ಓಟಗಾರರು ಕ್ರೀಡಾಂಗಣಕ್ಕೆ ಬರುವ ದೃಶ್ಯ ಪರದೆಯ ತುಂಬ ಇದ್ದಾಗ, ಒಂದು ಚೌಕದಲ್ಲಿ ಜ್ಯೋತಿಯನ್ನು ಹತ್ತಿರದಿಂದ ತೋರಿಸಿದರು. ಚಿತ್ರ ಎರಡು, ವಿಷಯ ಒಂದು. ವಾರ್ತೆಯ ಮೂಲೆಯಲ್ಲಿ ಕಿವಿ ಕೇಳದವರಿಗಾಗಿ ಸನ್ನೆಯ ಭಾಷೆಯಲ್ಲಿ ಹೇಳುವವರನ್ನು ತೋರಿಸುತ್ತಾರಲ್ಲ, ಅಲ್ಲಿಯೂ ಎರಡು ಕೂಡಿ ಒಂದಾಗುತ್ತವೆ. ಈ ಉಪಾಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕ್ರಿಕೆಟ್ಟು ಮತ್ತು ಧಾರಾವಾಹಿ ಮಾತ್ರ ಯಾವ ಚರಕದಲ್ಲಿ ಸುತ್ತಿದರೂ ಒಂದು ನೂಲಾಗುವುದಿಲ್ಲ.

ಈಗ ಮನೆಗೆ ಬರೋಣ. ಅಪ್ಪನಿಗೆ ಪಂದ್ಯ, ಅಮ್ಮನಿಗೆ ಧಾರಾವಾಹಿ, ಮಕ್ಕಳಿಗೆ ಕಾರ್ಟೂನು, ಅಜ್ಜಿಗೆ ಹಳೆಯ ಚಿತ್ರಗೀತೆ. ಜಗಳ ಬೇಡವೆಂದು ಪರದೆಯನ್ನು ಹಂಚುತ್ತೇವೆ. ಪಾಲು ಸಮನಾಯಿತೇ? ಒಬ್ಬರಿಗೆ ದೊಡ್ಡ ಚಿತ್ರವೂ ಧ್ವನಿಯೂ ಸಿಕ್ಕಿತು. ಇನ್ನೊಬ್ಬರಿಗೆ ಒಂಬತ್ತರಲ್ಲಿ ಒಂದು ಪಾಲು, ಅದೂ ಮೂಕಚಿತ್ರ. ನಿಮ್ಮ ಮನೆಯಲ್ಲಿ ಒಂದು ವಾರ ಸುಮ್ಮನೆ ಗಮನಿಸಿ ನೋಡಿ: ಧ್ವನಿ ಯಾವಾಗಲೂ ಯಾರದು? ಮೂಲೆಯ ಚೌಕ ಯಾವಾಗಲೂ ಯಾರದು? ಅನೇಕ ಮನೆಗಳಲ್ಲಿ ಟಿ.ವಿ. ಆರಿದ ಮೇಲೂ ಇದೇ ಕ್ರಮ ಮುಂದುವರಿಯುತ್ತದೆ ಎಂಬುದು ನನ್ನ ಅನುಮಾನ. ಊಟದ ಹೊತ್ತಿನಲ್ಲಿ, ಮಗಳ ಓದಿನ ವಿಷಯದಲ್ಲಿ, ಸಾಲದ ಮಾತಿನಲ್ಲಿ ಅದೇ ಒಬ್ಬರ ಧ್ವನಿ ಕೇಳಿಸುತ್ತದೆ, ಉಳಿದವರ ತುಟಿ ಅಲುಗಾಡುವುದಷ್ಟೇ ಕಾಣುತ್ತದೆ.

ಎರಡನೆಯವರು ಇಯರ್‌ಫೋನ್ ಹಾಕಿಕೊಳ್ಳಲಿ ಎಂದು ಕೆಲವರು ಹೇಳಬಹುದು. ಆಗ ಒಂದೇ ಸೋಫಾದ ಮೇಲೆ ಎರಡು ಸಂಸಾರ. ಅದಕ್ಕಿಂತ ಸರದಿ ಮೇಲು. ಇಂದು ಅರ್ಧ ಗಂಟೆ ಅಜ್ಜಿಯ ಹಾಡು, ಪೂರ್ತಿ ಪರದೆ, ಪೂರ್ತಿ ಧ್ವನಿ. ಉಳಿದವರು ಜೊತೆಗೆ ಕೂತು ನೋಡಲಿ. ಬೇಸರವಾದೀತು, ನಿಜ. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ 2ನೇ ಅಧ್ಯಾಯವನ್ನು ಓದಿದವರಿಗೆ ಆ ಬೇಸರದ ಬೆಲೆ ಗೊತ್ತು.

ಬಲಿಪೂಜೆಯ ವಿಷಯ ಹೇಳದಿದ್ದರೆ ನೀವೇ ಕೇಳುವಿರಿ. 2020ರ ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆದಾಗ, ಏಪ್ರಿಲ್ 12ರ ಪಾಸ್ಖ ಹಬ್ಬವನ್ನೂ ನಾವು ಟಿ.ವಿ., ಮೊಬೈಲ್ ಮುಂದೆ ಕೂತು ಆಚರಿಸಿದೆವು. ಕಾಯಿಲೆಯಿಂದ ಹಾಸಿಗೆ ಹಿಡಿದವರಿಗೆ ಇಂದಿಗೂ ಅದು ದೊಡ್ಡ ಉಪಕಾರ. ಅಸಿಸಿಯ ಸಂತ ಕ್ಲಾರಮ್ಮನವರು ಕಾಯಿಲೆಯಲ್ಲಿ ಮಲಗಿದ್ದ ಕ್ರಿಸ್ಮಸ್ ರಾತ್ರಿ, ದೂರದ ದೇವಾಲಯದ ಆರಾಧನೆಯನ್ನು ತಮ್ಮ ಕೋಣೆಯಿಂದಲೇ ಕಂಡು ಕೇಳಿದರೆಂಬ ಪ್ರತೀತಿಯಿದೆ. ಅದಕ್ಕಾಗಿಯೇ ಜಗದ್ಗುರು 12ನೇ ಪಯಸ್ ಅವರು 1958ರಲ್ಲಿ ಆಕೆಯನ್ನು ಟೆಲಿವಿಷನ್ನಿನ ಪಾಲಕ ಸಂತರೆಂದು ಸಾರಿದರು. ಆದರೆ ಕಾಲು ಗಟ್ಟಿಯಿರುವವರಿಗೆ ಪ್ರಸಾರವು ದೇವಾಲಯದ ಬಲಿಪೂಜೆಗೆ ಸಮನಾಗದೆಂದು 2020ರ ಆಗಸ್ಟ್ 15ರ ಪತ್ರದಲ್ಲಿ ಕಾರ್ಡಿನಲ್ ರಾಬರ್ಟ್ ಸಾರಾ ಅವರು ನೆನಪಿಸಿದ್ದಾರೆ.

ಪೂಜೆ ನೋಡುವಾಗ ಮೂಲೆಯ ಚೌಕದಲ್ಲಿ ಇನ್ನೊಂದು ಓಡುತ್ತಿದ್ದರೆ? ಪ್ರಾರ್ಥನೆಯಲ್ಲಿ ಮನಸ್ಸು ತಾನಾಗಿ ಅಲೆದರೆ ಪ್ರಾರ್ಥನೆಯ ಪುಣ್ಯ ಕೆಡದು, ಬೇಕೆಂದೇ ಅಲೆಯಬಿಟ್ಟರೆ ಕೆಡುತ್ತದೆ ಎಂಬ ಅರ್ಥದಲ್ಲಿ ಅಕ್ವಿನಾಸರು ಬರೆದಿದ್ದಾರೆ. ಆದ್ದರಿಂದ ತಾಯಂದಿರೇ, ಒಲೆಯ ಮೇಲಿನ ಹಾಲಿನ ನೆನಪು ಬಂತೆಂದು ನೀವು ಪಾಪನಿವೇದನೆಗೆ ಓಡಿಬರಬೇಕಿಲ್ಲ. ಆದರೆ ಆ ಚೌಕ ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಿದವರು ನಾವೇ.

ಮೇ ತಿಂಗಳ ಸಂಜೆ, ಜಪಸರಕ್ಕೆ ಕೂರುವ ಹೊತ್ತಿಗೇ ಐ.ಪಿ.ಎಲ್. ಪಂದ್ಯವೂ ಶುರುವಾಗುತ್ತದೆ. ಧ್ವನಿ ಅಡಗಿಸಿ ಚಿತ್ರ ಮಾತ್ರ ಇಟ್ಟುಕೊಳ್ಳಬಹುದೇ, ಫಾದರ್, ಎಂದು ಹುಡುಗರು ಕೇಳುವುದುಂಟು. ಜಪಸರಕ್ಕೆ ಇಪ್ಪತ್ತು ನಿಮಿಷ ಸಾಕು, ಪೂರ್ತಿ ಆರಿಸಿಡಿ. ಬೆಂಗಳೂರು ತಂಡ ಸಿಕ್ಸರ್ ಹೊಡೆದರೆ ಇಡೀ ಬೀದಿಯೇ ಕೂಗಿ ಹೇಳುತ್ತದೆ.