ಒಂಟಿ ಪರಮಾಣುವಿಗೆ ಬೆಳಕು ತಾಗಿಸುವುದು ಹೇಗೆ?

ಪ್ರಶ್ನೆ: ಲೇಸರ್‌ನಿಂದ ಒಂದೇ ಒಂದು ಪರಮಾಣುವನ್ನು ಹಿಡಿದು ನಿಲ್ಲಿಸುತ್ತಾರಂತೆ. ಹಿಡಿದಾದ ಮೇಲೆ ಅದರ ಮೇಲೆ ಬೆಳಕು ಬಿಟ್ಟರಾಯಿತು. ನ್ಯಾನೋ ಸಾಧನ ಯಾಕೆ ಬೇಕು? – ಓದುಗರೊಬ್ಬರು, ಹಿರಿಯೂರು

ಉತ್ತರ: ನಿಮ್ಮೂರಿನ ಮಾರಿಕಣಿವೆಯಿಂದಲೇ ಶುರು ಮಾಡೋಣ. ಅಲ್ಲಿ ವೇದಾವತಿ ಹೊಳೆಗೆ ಅಣೆಕಟ್ಟು ಕಟ್ಟಿದವರು ಬಯಲಿನಲ್ಲಿ ಕಟ್ಟಲಿಲ್ಲ. ಎರಡು ಗುಡ್ಡಗಳು ಹತ್ತಿರ ಬಂದು ಹೊಳೆ ಕಿರಿದಾಗುವ ಜಾಗ ಹುಡುಕಿದರು. ಬೆಳಕನ್ನು ಪರಮಾಣುವಿಗೆ ಸಿಗುವಂತೆ ಮಾಡುವುದಕ್ಕೂ ಅಂಥದೊಂದು ಕಣಿವೆ ಬೇಕು.

ರುಬಿಡಿಯಂ ಪರಮಾಣುವಿನ ಅಗಲ ಅರ್ಧ ನ್ಯಾನೋಮೀಟರ್ ಆಸುಪಾಸು. ಆದರೆ ತನಗೆ ಒಗ್ಗುವ 780 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಬಂದರೆ, ಸುಮಾರು 600 ನ್ಯಾನೋಮೀಟರ್ ಅಗಲದ ತಟ್ಟೆಯಂತೆ ಅದನ್ನು ತಡೆಯುತ್ತದೆ. ಸಣ್ಣದಕ್ಕೆ ಇಷ್ಟು ದೊಡ್ಡ ಕೈ! ಆದರೂ ಸಾಮಾನ್ಯ ಲೇಸರ್ ಕಿರಣ ಅದಕ್ಕಿಂತ ಎಷ್ಟೋ ಅಗಲ. ಹೆಚ್ಚಿನ ಬೆಳಕು ಪಕ್ಕದಲ್ಲೇ ಹಾದುಹೋಗುತ್ತದೆ. ಮಸೂರದಿಂದ ಹಿಂಡುವುದಕ್ಕೂ ಒಂದು ಮಿತಿಯಿದೆ.

ಅದಕ್ಕೇ ಸಿಲಿಕಾನ್ ನೈಟ್ರೈಡ್‌ನಿಂದ ಕೂದಲಿಗಿಂತ ತೆಳುವಾದ ಪಟ್ಟಿ ಮಾಡಿ, ಸಾಲಾಗಿ ತೂತು ಕೊರೆಯುತ್ತಾರೆ. ಬೆಳಕು ಅದರೊಳಗೆ ಸಿಕ್ಕಿ ಹಿಂದೆಮುಂದೆ ಓಡಾಡುತ್ತದೆ. ಆದರೆ ಪೂರ್ತಿ ಒಳಗೇ ಉಳಿಯುವುದಿಲ್ಲ: ಮಣ್ಣಿನ ಗಡಿಗೆಯ ಹೊರಮೈಯಲ್ಲಿ ನೀರು ಒಸರಿದಂತೆ ತುಸು ಆಚೆಗೂ ಚಾಚಿರುತ್ತದೆ, ಕೆಲವು ನೂರು ನ್ಯಾನೋಮೀಟರ್ ದಾಟುವಷ್ಟರಲ್ಲಿ ಬತ್ತುತ್ತದೆ. ಪರಮಾಣು ಆ ಒಸರಿನಲ್ಲೇ ನಿಲ್ಲಬೇಕು.

ಕಷ್ಟವಿರುವುದು ಇಲ್ಲೇ. ಕೋಣೆಯ ಉಷ್ಣತೆಯಲ್ಲಿ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತಿರುತ್ತದೆ. ಮೊದಲು ಲೇಸರ್‌ನಿಂದ ತಣ್ಣಗಾಗಿಸಬೇಕು. ತಣ್ಣಗಾದದ್ದನ್ನು ಮೇಲ್ಮೈಯ ಹತ್ತಿರ ಒಯ್ದರೆ ಮೇಲ್ಮೈ ಸೆಳೆದು ಅಂಟಿಸಿಕೊಳ್ಳುತ್ತದೆ. ಹಾರ್ವರ್ಡ್‌ನ ಮಿಖಾಯಿಲ್ ಲುಕಿನ್ ಮತ್ತು ಎಂಐಟಿಯ ವ್ಲಾದಾನ್ ವುಲೆಟಿಚ್ ತಂಡ 2013ರಲ್ಲಿ ಜಾಣತನದ ದಾರಿ ಹಿಡಿಯಿತು. ಪರಮಾಣುವನ್ನು ಹಿಡಿದ ಲೇಸರ್ ಕಿರಣವನ್ನೇ, ಅಂದರೆ ಬೆಳಕಿನ ಚಿಮುಟವನ್ನೇ, ಪಟ್ಟಿಯ ಮೇಲೆ ಬಿಟ್ಟರು. ಹೋದ ಬೆಳಕು, ಪಟ್ಟಿಗೆ ಬಡಿದು ತಿರುಗಿ ಬಂದ ಬೆಳಕು ಸೇರಿ ಮೇಲ್ಮೈಯಿಂದ ಸುಮಾರು 200 ನ್ಯಾನೋಮೀಟರ್ ದೂರದಲ್ಲಿ ಪ್ರಖರವಾದ ತಾಣವೊಂದು ಉಂಟಾಯಿತು. ಪರಮಾಣು ಅಲ್ಲೇ ಕೂತಿತು. ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ: ಚಿಮುಟದ ಪ್ರತಿಫಲನವೇ ಪರಮಾಣುವಿಗೆ ಗೂಡಾಯಿತು. ಮರುವರ್ಷ ಇಂಥದೇ ಸಾಧನದಲ್ಲಿ ಬೆಳಕಿನ ಒಂದೇ ಕಣ, ಅಂದರೆ ಒಂದು ಫೋಟಾನ್, ತಾಗಿ ಪರಮಾಣುವಿನ ಸ್ಥಿತಿ ಬದಲಾದದ್ದನ್ನೂ ತೋರಿಸಿದರು.

ನಮ್ಮಲ್ಲಿ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಾದಿಕ್ ರಂಗ್‌ವಾಲಾ ಅವರ ತಂಡ ತಣಿಸಿದ ರುಬಿಡಿಯಂ ಪರಮಾಣುಗಳನ್ನು ಎದುರುಬದುರು ಕನ್ನಡಿಗಳ ನಡುವಿನ ಬೆಳಕಿನೊಂದಿಗೆ ಬೆಸೆದಿದೆ. ಆ ಕನ್ನಡಿಗಳ ನಡುವೆ ಸೆಂಟಿಮೀಟರ್‌ಗಳ ಅಂತರ. ಕಣಿವೆ ಅಗಲವಾದ್ದರಿಂದ ಅಲ್ಲಿ ಒಂಟಿ ಪರಮಾಣು ಸಾಲದು, ಹಲವಾರು ಒಟ್ಟಿಗೆ ನಿಲ್ಲಬೇಕಾಗುತ್ತದೆ.